ಎರಡು ರೋಸ್ಟರಿನ ಮನೆ

ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬೀದಿಯಲ್ಲಿ ನಿದ್ದೆ ಮಾಡುವವರು ಇಬ್ಬರೇ. ಒಂದು, ಹಾಲಿನ ಬೂತಿನ ಮುಂದೆ ಕಾಲು ಚಾಚಿ ಮಲಗಿರುವ ಕಂದು ನಾಯಿ. ಇನ್ನೊಬ್ಬರು ಪಕ್ಕದ ಮನೆಯ ಸಿಸ್ಟರ್. ನಾಯಿಯನ್ನು ಯಾರೂ ಎಬ್ಬಿಸುವುದಿಲ್ಲ.

ಸಿಸ್ಟರನ್ನು ಎಬ್ಬಿಸುವುದಕ್ಕೆ ಮಾತ್ರ ಊರೇ ಸಾಲು ನಿಂತಿರುತ್ತದೆ. ಮೊದಲು ಪಾಲಿಕೆಯ ಕಸದ ಗಾಡಿ, ಹಾಡು ಹಾಕಿಕೊಂಡು. ಅದು ತಿರುವು ದಾಟಿತು ಅನ್ನುವಷ್ಟರಲ್ಲಿ ಈರುಳ್ಳಿ ಗಾಡಿಯವನ ಮೈಕು. ನೂರು ರೂಪಾಯಿಗೆ ಎಷ್ಟು ಕೆಜಿ ಅನ್ನೋದನ್ನು ಅವನು ರೆಕಾರ್ಡ್ ಮಾಡಿಟ್ಟುಕೊಂಡಿದ್ದಾನೆ. ಅವನು ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತರೂ ಗಾಡಿ ತಾನೇ ಕೂಗಿಕೊಳ್ಳುತ್ತಿರುತ್ತದೆ. ಆಮೇಲೆ ಮೂಲೆ ಮನೆ ಮೇಷ್ಟ್ರು, ಕೈಯಲ್ಲೊಂದು ಮಾತ್ರೆ ಶೀಟು. ‘ಸಿಸ್ಟರ್, ಇದು ತಿಂಡಿಗೆ ಮುಂಚೇನಾ, ಆಮೇಲಾ?’ ತಿಂಡಿ ಮುಗಿಸಿ ಬಾಯಿ ಒರೆಸಿಕೊಂಡೇ ಬಂದಿರುತ್ತಾರೆ. ಮುಂಚೆ ಅಂದರೆ ಈಗ ಏನು ಮಾಡ್ತಾರೋ ಅಂತ ನಾನು ಕಾಂಪೌಂಡಿನ ಈ ಕಡೆಯಿಂದ ಕಾಯುತ್ತಿರುತ್ತೇನೆ.

ರಾತ್ರಿ ಎಂಟಕ್ಕೆ ವಾರ್ಡು ಹೊಕ್ಕು, ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಟ್ಟು, ಬಸ್ಸು ಹಿಡಿದು ಬರುವ ಹೆಣ್ಣುಮಗಳು. ಇವರ ಸಿಟಿ ಬಸ್ಸೂ ಮಗಳ ಸ್ಕೂಲ್ ವ್ಯಾನೂ ಎಷ್ಟೋ ದಿನ ಟೌನ್‌ಹಾಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಎದುರುಬದುರಾಗುತ್ತವಂತೆ. ‘ಅವಳು ಕೈ ಬೀಸ್ತಾಳೆ ಆಂಟಿ. ನಾನು ಜಡೆ ಸರಿಯಾಗಿದೆಯಾ ಅಂತ ನೋಡ್ತೀನಿ. ಒಂದು ಎತ್ತರ, ಒಂದು ತಗ್ಗು. ಅವರಪ್ಪ ಹಾಕಿದ್ದು ಅಂತ ಸಿಗ್ನಲ್ಲಿಂದಾನೇ ಗೊತ್ತಾಗುತ್ತೆ.’

ಅವರಪ್ಪ ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರು. ಆತನಿಗೆ ನೈಟ್ ಔಟ್ ಇರುತ್ತದೆ. ಕೊನೇ ಬಸ್ಸು ತೆಗೆದುಕೊಂಡು ಹೋಗಿ ಯಾವುದೋ ಹಳ್ಳಿಯಲ್ಲಿ ಮಲಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ವಾಪಸು. ಹಾಗಾಗಿ ಅವರ ಮನೆ ಫ್ರಿಡ್ಜಿನ ಬಾಗಿಲ ಮೇಲೆ ಎರಡು ಹಾಳೆ ಅಂಟಿಸಿದ್ದಾರೆ: ಆಸ್ಪತ್ರೆಯ ರೋಸ್ಟರ್ ಒಂದು, ಡಿಪೋದ್ದು ಒಂದು. ಬೇರೆ ಮನೆಗಳಲ್ಲಿ ಏಕಾದಶಿ, ಸಂಕಷ್ಟಿ ನೋಡೋದಕ್ಕೆ ಕ್ಯಾಲೆಂಡರಿನ ಮುಂದೆ ನಿಂತಂತೆ ಇವರು ಗಂಡ ಹೆಂಡತಿ ಆ ಎರಡು ಹಾಳೆಯ ಮುಂದೆ ನಿಂತು, ಇಬ್ಬರಿಗೂ ರಾತ್ರಿ ಬಿದ್ದಿರುವ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಅತ್ತೆ ಬಂದಿದ್ದರೆ ಕೆಂಪು ಸುತ್ತಿಗೆ ಬೆಲೆಯಿಲ್ಲ. ಆದರೆ ಅತ್ತೆಯವರದು ಶಿರಾ ಕಡೆಯ ಹಳ್ಳಿ, ಕಡಲೆಕಾಯಿ ಕೀಳುವ ಕಾಲ ಬಂತೆಂದರೆ ಮೊಮ್ಮಕ್ಕಳೂ ನಿಲ್ಲಿಸಲಾರರು. ಆಗ ಕೆಂಪು ಸುತ್ತಿನ ದಿನ ಅವರ ಮಗ ಪುಟ್ಟ ನಮ್ಮ ಮನೆಗೆ ಬರುತ್ತಾನೆ. ಗೇಟು ಸುತ್ತಿ ಬರೋದಕ್ಕೆ ಎಲ್ಲಿ ಹೊತ್ತು? ಕರಿಬೇವಿನ ಗಿಡದ ಪಕ್ಕ ಕಾಂಪೌಂಡು ಸ್ವಲ್ಪ ತಗ್ಗಾಗಿದೆ, ಅಲ್ಲಿಂದಲೇ ಎತ್ತಿ ಕೊಡುತ್ತಾರೆ.

ಬರೀ ಕೊಡೋದಿಲ್ಲ, ರಿಪೋರ್ಟು ಸಮೇತ ಕೊಡುತ್ತಾರೆ. ಯೂನಿಫಾರಂ ಮೇಲೆ ಸ್ವೆಟರ್ ಹಾಕಿಕೊಂಡು, ಹೆಗಲ ಮೇಲೆ ಬ್ಯಾಗು, ವಾಚಿನ ಮೇಲೆ ಕಣ್ಣು: ‘ಟೆಂಪರೇಚರ್ ನಾರ್ಮಲ್ ಆಂಟಿ. ಆರು ಗಂಟೆಗೆ ಒಂದೂವರೆ ಚಪಾತಿ ತಗೊಂಡಿದಾನೆ. ಮೋಷನ್ ಒಂದು ಸಲ, ಗಟ್ಟಿಯಾಗೇ ಆಗಿದೆ. ಕೆಮ್ಮಿನ ಸಿರಪ್ ಐದು ಎಂಎಲ್ ಆಗಿದೆ, ಮತ್ತೆ ಕೊಡಬೇಡಿ. ರಾತ್ರಿ ಒಂದು ಸಲ ನೀರು ಕೇಳ್ತಾನೆ.’ ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಸೇಫಿನ ಬೀಗದ ಕೈಯನ್ನು ಸಹಿ ಹಾಕಿಸಿಕೊಳ್ಳದೆ ಯಾರ ಕೈಗೂ ಕೊಟ್ಟವಳಲ್ಲ. ನನಗೇ ಒಮ್ಮೊಮ್ಮೆ ‘ಎಲ್ಲಿ ಸೈನ್ ಮಾಡಲಿ?’ ಅಂತ ಕೇಳಬೇಕು ಅನ್ನಿಸುತ್ತದೆ.

ಆ ಹುಡುಗನೋ, ಅವರಮ್ಮನ ವಾರ್ಡಿನಲ್ಲೇ ಹುಟ್ಟಿ ಬೆಳೆದವನ ಹಾಗೆ. ನಮ್ಮ ಮೊಮ್ಮಗಳ ಹಳೇ ಗೊಂಬೆಗೆ ಸೋಫಾದ ಕೈ ಮೇಲಿಂದ ಉಲ್ಲನ್ ದಾರ ಇಳಿಬಿಟ್ಟು ಡ್ರಿಪ್ ಹಾಕಿರುತ್ತಾನೆ. ಮೊನ್ನೆ ನಾನೂ ನಮ್ಮೆಜಮಾನರೂ ಟಿವಿ ನೋಡುತ್ತ ಕೂತಿದ್ದೆವು. ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತ. ‘ಪೇಶೆಂಟಿಗೆ ಒಬ್ಬರೇ ಇರಬೇಕು. ಮಿಕ್ಕವರೆಲ್ಲ ಆಚೆ ಹೋಗಿ.’ ನಮ್ಮೆಜಮಾನರು ಮಾತಿಲ್ಲದೆ ಎದ್ದು ವರಾಂಡಕ್ಕೆ ಹೋದರು. ಮದುವೆಯಾದಾಗಿನಿಂದ ನಾನು ಹೇಳಿದ ಮಾತಿಗೆ ಅಷ್ಟು ಬೇಗ ಎದ್ದವರಲ್ಲ.

ಒಂದು ಸಂಜೆ, ನೈಟ್ ಆಫ್ ಇದ್ದ ದಿನ, ಸಿಸ್ಟರ್ ಕರಿಬೇವು ಕೀಳುತ್ತ ಗೊಣಗುತ್ತಿದ್ದರು. ಮೇ 12ಕ್ಕೆ ಆಸ್ಪತ್ರೆಯಲ್ಲಿ ದಾದಿಯರ ದಿನ. ಕೈಯಲ್ಲಿ ಮೇಣದಬತ್ತಿ ಹಿಡಿದು ಪ್ರತಿಜ್ಞೆ, ಆಮೇಲೆ ಅತಿಥಿಗಳ ಭಾಷಣ. ‘ಪ್ರತಿ ವರ್ಷ ಅದೇ ಮಾತು ಆಂಟಿ. ನೀವು ತಾಯಂದಿರು, ರೋಗಿಗಳೇ ನಿಮ್ಮ ಮಕ್ಕಳು. ನನ್ನ ಮಕ್ಕಳು ಮನೇಲಿ ಯಾರ ಮಕ್ಕಳು ಅಂತ ಯಾರೂ ಕೇಳಲ್ಲ.’

ನನಗೆ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಓದಿ, ಬೇಕಾದ್ದನ್ನು ಕತ್ತರಿಸಿ ಫೈಲು ಮಾಡುವ ಚಟ. ನಾನು ಹೇಳಿದೆ, ‘ಅಲ್ಲಮ್ಮ, ಆ ದಿನ ಯಾರ ಹುಟ್ಟುಹಬ್ಬ? ಫ್ಲಾರೆನ್ಸ್ ನೈಟಿಂಗೇಲ್. 1820ರಲ್ಲಿ ಹುಟ್ಟಿದ ಮಹಾತಾಯಿ. ಒಳ್ಳೇ ಮನೆತನದ ಗಂಡು ತಾನಾಗೇ ಬಂದು ಕೇಳಿದರೂ ಬೇಡ ಅಂದಳು, ಈ ಕೆಲಸಕ್ಕೆ ಅಂತ. ಮನೆಯಲ್ಲಿ ಜ್ವರ ಬಂದ ಕೂಸು ಇರಲಿಲ್ಲ, ಹೋಮ್‌ವರ್ಕ್ ಇರಲಿಲ್ಲ. ನಮ್ಮ ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ ನೋಡು, 1886ರಲ್ಲಿ ಶುರು ಮಾಡಿದವರು ಕ್ರೈಸ್ತ ಸನ್ಯಾಸಿನಿಯರು. ನಿಮ್ಮನ್ನು ಸಿಸ್ಟರ್ ಅಂತ ಕರೆಯೋದೂ ಆ ಕಾಲದ ಪಳೆಯುಳಿಕೆ. ಈ ಕೆಲಸದ ರವಿಕೆ ಹೊಲಿದಿದ್ದೇ ಮನೆಯಲ್ಲಿ ಮಗು ಇಲ್ಲದ ಹೆಂಗಸಿನ ಅಳತೆಗೆ. ನೀವು ಮಕ್ಕಳೊಂದಿಗರು ಅದನ್ನೇ ತೊಟ್ಟುಕೊಂಡು ಕಂಕುಳಲ್ಲಿ ಬಿಗಿಯುತ್ತೆ ಅಂತೀರಿ. ಬಿಗಿಯದೆ ಇನ್ನೇನು?’

‘ಮದುವೆಯಾದ್ರೇ ಮನೆಗೆ ಕಳಿಸ್ತಿದ್ರಂತಲ್ಲ?’ ಅಂದರು ಸಿಸ್ಟರ್.

ಎಲ್ಲೋ ಅಜ್ಜಿ ಕಾಲದ ಕತೆಯಲ್ಲ ಅದು. ಮಿಲಿಟರಿ ನರ್ಸಿಂಗ್ ಸರ್ವಿಸಿನಲ್ಲಿ 1977ರಿಂದ ಅಂಥದ್ದೊಂದು ನಿಯಮ ಇತ್ತು. ಸೆಲಿನಾ ಜಾನ್ ಅನ್ನೋ ಲೆಫ್ಟಿನೆಂಟ್ 1988ರಲ್ಲಿ ಮದುವೆಯಾದರು, ಕೆಲಸದಿಂದ ತೆಗೆದೇಬಿಟ್ಟರು. ಮದುವೆಯಾದದ್ದೂ ಸೈನ್ಯದ ಅಧಿಕಾರಿಯನ್ನೇ. ಗಂಡನ ಕೆಲಸಕ್ಕೆ ಏನೂ ಆಗಲಿಲ್ಲ. 1995ರಲ್ಲಿ ನಿಯಮ ರದ್ದಾಯಿತು, ಆದರೆ ಆಕೆಯ ಕೇಸು ಮುಗಿದದ್ದು 2024ರ ಫೆಬ್ರವರಿಯಲ್ಲಿ. ಇದು ಲಿಂಗ ತಾರತಮ್ಯ ಅಂತ ಸುಪ್ರೀಂ ಕೋರ್ಟು 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ಕತ್ತರಿಕೆ ನನ್ನ ಫೈಲಿನಲ್ಲಿದೆ. ಒಳಗೆ ಹೋಗಿ ತಂದು ತೋರಿಸಿದೆ. ಸಿಸ್ಟರ್ ಓದಿ ಮುಗಿಸಿ, ಮೊದಲು ಮೂವತ್ತಾರು ವರ್ಷದ ಲೆಕ್ಕ ಹಾಕಿದರು, ಆಮೇಲೆ ಬಡ್ಡಿಯ ಲೆಕ್ಕ ಕೇಳಿದರು. ಬ್ಯಾಂಕಿನವಳ ಸಹವಾಸ.

‘ಅಲ್ಲಿವರೆಗೂ ಯಾಕೆ, ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ಇರಲಿಲ್ವಾ?’ ಅಂದರು ಅಷ್ಟರಲ್ಲಿ ಅವರತ್ತೆ, ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತ. ‘ಹನ್ನೆರಡು ಹೆತ್ತೋಳು. ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸ್ಲಿಲ್ವಾ? ಯಾವ ರಜೆ ಕೊಟ್ಟಿದ್ರು ಆವಮ್ಮಂಗೆ?’

ಅತ್ತೆಯವರ ಮಾತು ಸುಳ್ಳಲ್ಲ. ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಆದರೆ ಆ ತಾಯಿಗೆ ಪಂಚಿಂಗ್ ಮೆಶಿನ್ ಇರಲಿಲ್ಲವಲ್ಲ! ಕರೆದ ಮನೆಗೆ ಹೋಗಿ, ಕೂಸು ಹೊರಬಿದ್ದ ಮೇಲೆ ಎದ್ದು ಬಂದವರು. ಬೆಳಿಗ್ಗೆ ಎಂಟೂ ಐದಕ್ಕೆ ಬಂದೆ ಅಂತ ಹಾಫ್ ಡೇ ಕತ್ತರಿಸುವವರು ಯಾರೂ ಇರಲಿಲ್ಲ. ಇದನ್ನು ಅತ್ತೆಗೆ ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ. ಕೈಯಲ್ಲಿ ಅಡಕತ್ತರಿ ಇತ್ತು.

ಅತ್ತೆ ಸೊಸೆಯ ನಿಜವಾದ ಜಗಳ ಜೇನುತುಪ್ಪದ್ದು. ಪುಟ್ಟ ಹುಟ್ಟಿದಾಗ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬೇಕು ಅಂತ ಅವರು, ವರ್ಷ ತುಂಬುವ ತನಕ ಜೇನು ಬಾಯಿಗೆ ತಾಗಿಸುವ ಹಾಗಿಲ್ಲ ಅಂತ ಇವರು. ಕಣ್ಣಿಗೆ ಕಾಡಿಗೆ, ಮೂಗಿಗೆ ಎಣ್ಣೆ, ಎಲ್ಲದಕ್ಕೂ ಪಂಚಾಯಿತಿ. ‘ನೂರು ಬಾಣಂತೀರಿಗೆ ಹೇಳಿ ಒಪ್ಪಿಸಿದೀನಿ ಆಂಟಿ, ಇವರೊಬ್ಬರನ್ನ ಒಪ್ಪಿಸೋಕಾಗ್ಲಿಲ್ಲ’ ಅಂತ ಸಿಸ್ಟರ್ ಹಲುಬುತ್ತಿದ್ದರು. ಕೊನೆಗೆ ಯಾರು ಗೆದ್ದರು ಅಂತ ನಾನು ಕೇಳಿಲ್ಲ. ಸಿಸ್ಟರ್ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ಏನು ನಡೆಯುತ್ತಿತ್ತೋ ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಮಗುವನ್ನು ನೋಡಿಕೊಳ್ಳುವವರು ಬೇಕು ಅಂದಮೇಲೆ, ಅವರು ನೋಡಿಕೊಳ್ಳುವ ರೀತಿಯನ್ನೂ ಅರ್ಧ ನುಂಗಿಕೊಳ್ಳಬೇಕಾಗುತ್ತದೆ.

ಪುಟ್ಟ ಸರ್ಕಾರಿ ಕೆಲಸ ಸಿಕ್ಕಿದ ಮೇಲೆ ಹುಟ್ಟಿದವನು. ಅವನಿಗೆ ಅಮ್ಮನ ಆರು ತಿಂಗಳು ಪೂರ್ತಿ ಸಿಕ್ಕಿತು. ದೊಡ್ಡವಳ ಕತೆ ಬೇರೆ. ಆಗ ಇವರು ಬೆಂಗಳೂರಿನಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದರು. ಕಾನೂನಿನಲ್ಲಿ ಆಗ ಇದ್ದದ್ದೇ 12 ವಾರ. ನರ್ಸಿಂಗ್ ಹೋಮಿನವರು ಅದನ್ನೂ ಕೊಡದೆ, ‘ಬಿಟ್ಟು ಹೋಗಿ, ಆಮೇಲೆ ಬೇಕಾದ್ರೆ ಹೊಸದಾಗಿ ಸೇರಿ’ ಅಂದರು. ಎರಡು ತಿಂಗಳ ಕೂಸನ್ನು ಅಮ್ಮನ ಹತ್ತಿರ ಬಿಟ್ಟು ಹೊಸದಾಗಿ ಸೇರಿದರು, ಸರ್ವಿಸು ಸೊನ್ನೆಯಿಂದ.

ಹಾಕಿದ್ದು ಎಲ್ಲಿಗೆ? ಬಾಣಂತಿಯರ ವಾರ್ಡಿಗೆ. ‘ದಿನಾ ಬೆಳಿಗ್ಗೆ ಹಾಸಿಗೆ ಹಾಸಿಗೆಗೂ ಹೋಗಿ ಹೇಳ್ತಿದ್ದೆ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಕೊಡಬೇಡಿ, ನೀರೂ ಬೇಡ, ಡಬ್ಬಿ ಹಾಲು ಬೇಡವೇ ಬೇಡ. ಹೇಳ್ತಿರೋ ಹೊತ್ತಿಗೆ ಯಾವುದೋ ಕೂಸು ಅಳೋದು. ಅಷ್ಟೇ. ನನ್ನೆದೆ ಸೋರೋದು.’ ಯೂನಿಫಾರಂ ಒಳಗೆ ಹತ್ತಿಯನ್ನು ದಪ್ಪಗೆ ಮಡಿಸಿ ಇಟ್ಟುಕೊಂಡಿರುತ್ತಿದ್ದರಂತೆ. ಅದೂ ತೊಯ್ದು ಹೋದರೆ ಕೇಸ್ ಶೀಟನ್ನು ಎದೆಗೆ ಅಡ್ಡ ಹಿಡಿದುಕೊಂಡು ರೌಂಡ್ಸಿನಲ್ಲಿ ಡಾಕ್ಟರ ಹಿಂದೆ ನಡೆಯೋದು. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗಿ ಮೈ ಕಾವೇರುತ್ತಿತ್ತು. ಬಟ್ಟೆ ಜೋಡಿಸುವ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸ್ಟೀಲ್ ಲೋಟಕ್ಕೆ ಹಿಂಡುವುದು. ಬಾಗಿಲಿಗೆ ಚಿಲಕ ಇರಲಿಲ್ಲ.

‘ಹಿಂಡಿದ್ದನ್ನ ಇಡೋದೆಲ್ಲಿ? ವಾರ್ಡಲ್ಲಿ ಫ್ರಿಡ್ಜ್ ಇತ್ತು. ಅದು ಲಸಿಕೆ ಫ್ರಿಡ್ಜು. ಅದರಲ್ಲಿ ತಿನ್ನೋ ಕುಡಿಯೋ ಪದಾರ್ಥ ಇಡೋ ಹಾಗಿಲ್ಲ, ಆ ಬೋರ್ಡನ್ನ ನನ್ನ ಕೈಬರಹದಲ್ಲೇ ಬರೆದು ಅಂಟಿಸಿದ್ದೆ. ಇಟ್ಟರೂ ಕೂಸು ಎಲ್ಲಿ? ಮಧುಗಿರಿ ಹತ್ತಿರದ ಹಳ್ಳೀಲಿ. ಸಿಂಕಿಗೆ ಹಾಕ್ತಿದ್ದೆ ಆಂಟಿ. ನಲ್ಲಿ ಬಿಟ್ಟುಬಿಡ್ತಿದ್ದೆ, ನೋಡೋಕಾಗ್ತಿರಲಿಲ್ಲ.’ ಅದೇ ಹೊತ್ತಿಗೆ ಹಳ್ಳಿಯಲ್ಲಿ ಮಗುವಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಿದ್ದರು.

ಕೇಳಿ ನನಗೆ ಹೊಟ್ಟೆ ತೊಳೆಸಿದ ಹಾಗಾಯಿತು. ಮಾತು ತಿರುಗಿಸಲು ವಾಣಿವಿಲಾಸ ಆಸ್ಪತ್ರೆಯ ಸುದ್ದಿ ತೆಗೆದೆ. ಬೆಂಗಳೂರಿನ ಆ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಅಂತ ಎದೆಹಾಲಿನ ಬ್ಯಾಂಕು ತೆರೆದರು. ಬ್ಯಾಂಕು ಅಂದಕೂಡಲೇ ನನ್ನ ಕಿವಿ ನಿಮಿರಿತ್ತು. ಹಾಲು ಹೆಚ್ಚಾದ ತಾಯಂದಿರು ಕೊಟ್ಟದ್ದನ್ನು ಪರೀಕ್ಷೆ ಮಾಡಿ, ಪಾಶ್ಚರೀಕರಿಸಿ, ಹೆಪ್ಪುಗಟ್ಟಿಸಿ ಇಟ್ಟು, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ಡೆಪಾಸಿಟ್ಟಿಗೆ ಬಡ್ಡಿಯಿಲ್ಲ, ಸಾಲಕ್ಕೆ ಜಾಮೀನು ಬೇಡ. ಸಿಸ್ಟರ್ ನಕ್ಕರು. ‘ಆಗ ಇದ್ದಿದ್ರೆ ನಾನೇ ದೊಡ್ಡ ಖಾತೆದಾರಳಾಗ್ತಿದ್ದೆ.’

ಆ ದೊಡ್ಡವಳು ಶಾಲೆಗೆ ಸೇರುವ ತನಕ ಅಜ್ಜಿ ಮನೆಯಲ್ಲೇ ಬೆಳೆದಳು. ಒಂದು ಸಲ ಇವರು ಡ್ಯೂಟಿ ಮುಗಿದವರೇ ಬಟ್ಟೆ ಬದಲಾಯಿಸಲೂ ಪುರುಸೊತ್ತಿಲ್ಲದೆ ಬಸ್ಸು ಹತ್ತಿ ಊರಿಗೆ ಹೋದರೆ, ಬಿಳೀ ಕೋಟು ನೋಡಿದ್ದೇ ತಡ, ಮಗು ಸೂಜಿ ಹಾಕೋರು ಬಂದ್ರು ಅಂತ ಕಿರುಚಿ ಒರಳಿನ ಹಿಂದೆ ಬಚ್ಚಿಟ್ಟುಕೊಂಡಳಂತೆ. ತೊಡೆ ಮುಚ್ಚಿಕೊಂಡು. ಇದನ್ನು ಹೇಳುವಾಗ ಅತ್ತೆ ಸೊಸೆ ಇಬ್ಬರೂ ನಗುತ್ತಾರೆ. ದೊಡ್ಡವಳು ಈಗ ಎಂಟನೇ ಕ್ಲಾಸು; ಅವಳು ಮಾತ್ರ ನಗುವುದಿಲ್ಲ, ಎದ್ದು ಒಳಗೆ ಹೋಗುತ್ತಾಳೆ.

ಕಾನೂನು ಆಮೇಲೆ ಬೆಳೆಯಿತು, ನಿಜ. 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರಲ್ಲಿ ತಿದ್ದಿ, ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಅಂದರು. ಐವತ್ತು ಜನ ಕೆಲಸ ಮಾಡುವ ಕಡೆ ಕೂಸುಗಳಿಗೊಂದು ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂದರು. ಮಗುವಿಗೆ ಹದಿನೈದು ತಿಂಗಳಾಗುವ ತನಕ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಅನ್ನೋದು ಮೊದಲಿಂದಲೂ ಇತ್ತು. ನಾನು ಇದನ್ನೆಲ್ಲ ಓದಿ ಹೇಳಿ, ‘ಅಂಥ ಕೋಣೆ ಎಲ್ಲಾದ್ರೂ ನೋಡಿದೀಯಾ?’ ಅಂದೆ.

‘ನೋಡಿದೀನಿ. ಸರ್ಕಾರಿ ಕೆಲಸಕ್ಕೆ ಮುಂಚೆ ಇದ್ದ ಆಸ್ಪತ್ರೇಲಿ ಬಾಗಿಲ ಮೇಲೆ ಗೊಂಬೆ ಚಿತ್ರ ಎಲ್ಲಾ ಬರೆಸಿದ್ರು. ಒಳಗೆ ಮುರಿದ ಮಂಚ, ಖಾಲಿ ಆಕ್ಸಿಜನ್ ಸಿಲಿಂಡರು. ಇನ್‌ಸ್ಪೆಕ್ಷನ್ ದಿನ ಸಿಲಿಂಡರ್ ತೆಗೆದು ತೊಟ್ಟಿಲು ಇಡೋರು.’

ಹಳ್ಳಿಯಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡಿದೆ. ಮಾಡಲೇಬೇಕಾದ ಕೆಲಸ, ಎರಡು ಮಾತಿಲ್ಲ. ಆದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ತೆರೆದಿರುವ ಕೂಸಿನ ಮನೆ ಎಲ್ಲಿದೆ? ನೈಟ್ ಡ್ಯೂಟಿಯ ತಾಯಿಗೆ ಹಗಲಿನ ಕೋಣೆ ಕೊಟ್ಟು ಏನು ಪ್ರಯೋಜನ?

ರಜೆ ಇದ್ದರೂ ಅದರದೊಂದು ಕಿರಿಕಿರಿ ಇದೆ, ಇದು ನನಗೆ ಸಿಸ್ಟರ್ ಹೇಳುವ ತನಕ ಹೊಳೆದಿರಲಿಲ್ಲ. ರಾಜ್ಯ ಸರ್ಕಾರಿ ನೌಕರಿಯ ಹೆಂಗಸರಿಗೆ 2021ರ ಬಜೆಟ್ಟಿನಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟರು. ಬ್ಯಾಂಕಿನಲ್ಲಿ ಒಬ್ಬರು ರಜೆ ಹಾಕಿದರೆ ಒಂದು ಕೌಂಟರು ಮುಚ್ಚುತ್ತೇವೆ, ಜನ ಬೈದುಕೊಂಡು ಪಕ್ಕದ ಸಾಲಿನಲ್ಲಿ ನಿಲ್ಲುತ್ತಾರೆ. ವಾರ್ಡಿನಲ್ಲಿ ಹಾಸಿಗೆ ಮುಚ್ಚೋಕಾಗುತ್ತಾ? ಬದಲಿಗೆ ಜನ ಕೊಡುವುದಿಲ್ಲ. ಒಬ್ಬಳ ರಜೆ ಇನ್ನೊಬ್ಬಳ ಡಬಲ್ ಡ್ಯೂಟಿ. ಆ ಇನ್ನೊಬ್ಬಳ ಮನೆಯಲ್ಲೂ ಕೂಸಿರುತ್ತದೆ. ‘ಪುಟ್ಟಂಗೆ ಡೆಂಗಿ ಆದಾಗ ವಾರ ರಜೆ ಹಾಕಿದೆ. ವಾಪಸ್ ಹೋದ್ರೆ ನನ್ನ ಜೊತೆಯವಳು ಮಾತಾಡ್ಲಿಲ್ಲ. ಅವಳ ಮಗಳ ಸ್ಕೂಲ್ ಡೇ ತಪ್ಪಿತ್ತು, ನನ್ನಿಂದ. ಇನ್‌ಚಾರ್ಜ್ ಸಿಸ್ಟರ್ ಏನು ಮಾಡ್ತಾರೆ ಪಾಪ, ಇರೋ ಎಂಟು ಹೆಸರನ್ನೇ ಹಿಂದೆ ಮುಂದೆ ಮಾಡಬೇಕು.’ ಜಗಳ ಹಚ್ಚುವುದು ಸರ್ಕಾರ, ಮಾತು ಬಿಡುವುದು ಗೆಳತಿಯರು.

ಇನ್ನು ಆಫೀಸಿನ ಮೇಜಿನ ಆ ಕಡೆ ಕೂತವರಿಗೆ ಸಂಸಾರ ಅಂದರೆ ಅಪ್ಪ ಅಮ್ಮ ಎರಡು ಮಕ್ಕಳ ಪಟವೇ. ಚಂಡೀಗಢದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ದೀಪಿಕಾ ಸಿಂಗ್ ಅನ್ನೋ ನರ್ಸಿಂಗ್ ಆಫೀಸರ್ ಇದ್ದರು. ಗಂಡನಿಗೆ ಮೊದಲ ಮದುವೆಯ ಇಬ್ಬರು ಮಕ್ಕಳು. ಈಕೆ ಅವರಿಗಾಗಿ ಶಿಶುಪಾಲನಾ ರಜೆ ತೆಗೆದುಕೊಂಡರು. ಆಮೇಲೆ 2019ರಲ್ಲಿ ತಾನೇ ಹೆತ್ತಾಗ ಹೆರಿಗೆ ರಜೆ ಕೇಳಿದರೆ, ‘ನಿಮಗೆ ಆಗಲೇ ಎರಡು ಮಕ್ಕಳಿವೆಯಲ್ಲ’ ಅಂದುಬಿಟ್ಟರು. ಮಲಮಕ್ಕಳನ್ನು ಸ್ವಂತದ್ದು ಅಂತ ಸಾಕಿದ್ದಕ್ಕೆ ಸಿಕ್ಕ ಉಡುಗೊರೆ! 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು, ರಜೆ ಕೊಡಿ ಅಂತ. ಅಷ್ಟು ಹೊತ್ತಿಗೆ ಆ ಕೂಸು ನಡೆದು ಓಡಾಡುವ ವಯಸ್ಸಿಗೆ ಬಂದಿತ್ತು.

ಕೊರೊನಾ ಕಾಲದ ಮಾತು ತೆಗೆದರೆ ಸಿಸ್ಟರ್ ಬೇಡ ಅನ್ನುತ್ತಾರೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ನಮ್ಮ ಬೀದಿಯವರೂ ತಟ್ಟೆ ಬಡಿದದ್ದೇ ಬಡಿದದ್ದು. ವಾರ ಕಳೆಯುವುದರಲ್ಲಿ ಅದೇ ಕೈಗಳು ಇವರನ್ನು ಕಂಡರೆ ಕಿಟಕಿ ಮುಚ್ಚಿದವು. ಬೆಳಗಾವಿಯಲ್ಲಿ ಕ್ವಾರಂಟೈನಿನಲ್ಲಿದ್ದ ನರ್ಸಮ್ಮನನ್ನು ದೂರದಿಂದ ನೋಡಿ ಬೈಕಿನ ಮೇಲೆ ಕೂತ ಪುಟ್ಟ ಮಗಳು ‘ಬಾ’ ಅಂತ ಅಳುತ್ತಿದ್ದ ವಿಡಿಯೋ ಎಲ್ಲರ ಮೊಬೈಲಿಗೂ ಬಂತಲ್ಲ, ಮುಖ್ಯಮಂತ್ರಿ ಯಡಿಯೂರಪ್ಪನವರೇ ಆಕೆಗೆ ಫೋನು ಮಾಡಿದರು. ಮೂಲೆ ಮನೆ ಮೇಷ್ಟ್ರು ಅದನ್ನು ನೋಡಿ ಕಣ್ಣೊರೆಸಿಕೊಂಡು ಗ್ರೂಪಿಗೆಲ್ಲ ಕಳಿಸಿದರು. ಪಕ್ಕದಲ್ಲೇ ಅಂಥವರೊಬ್ಬರಿದ್ದಾರೆ ಅನ್ನುವುದು ಅವರಿಗೆ ನೆನಪಾದದ್ದು ಆಮೇಲೆ, ಬಿಪಿ ನೋಡಿಸಬೇಕಾದಾಗ.

ಈಗ ವಾರ್ಡಿನಲ್ಲಿ ಗಂಡು ನರ್ಸುಗಳೂ ಬಂದಿದ್ದಾರೆ, ಬ್ರದರ್ ಅಂತ ಕರೆಯುತ್ತಾರೆ. ಒಳ್ಳೇ ಹುಡುಗರು, ಭಾರ ಎತ್ತೋಕೆ ಕರೆದರೆ ಓಡಿ ಬರುತ್ತಾರೆ ಅಂತಾರೆ ಸಿಸ್ಟರ್. ಖಾಸಗಿ ಆಸ್ಪತ್ರೆಗಳ ಇಂಟರ್‌ವ್ಯೂನಲ್ಲಿ ಇವರಿಗೆ ಪ್ರತಿ ಸಲವೂ ಕೇಳಿದ್ದರಂತೆ: ಮದುವೆ ಆಗಿದೆಯಾ, ಮಕ್ಕಳ ಪ್ಲಾನ್ ಇದೆಯಾ, ನೈಟ್ ಮಾಡಿದರೆ ಮಗು ಯಾರು ನೋಡ್ಕೋತಾರೆ? ‘ಬ್ರದರ್‌ನ ಕೇಳ್ದೆ, ನಿಂಗೇನು ಕೇಳಿದ್ರು ಅಂತ. ಬೈಕ್ ಇದೆಯಾ ಅಂತ ಕೇಳಿದ್ರಂತೆ.’

ಈ ಮಾತಿಗೆ ನಾವಿಬ್ಬರೂ ನಗುತ್ತಿದ್ದಾಗಲೇ ಕಂಡಕ್ಟರು ಡಿಪೋದಿಂದ ಬಂದರು, ಕೈಯಲ್ಲಿ ಹೊಸ ಹಾಳೆ. ಸಿಸ್ಟರ್ ಅದನ್ನು ಕಸಿದುಕೊಂಡು ನೋಡಿ, ‘ಬುಧವಾರ, ಗುರುವಾರ ಇಬ್ರಿಗೂ ರಾತ್ರಿ’ ಅಂದರು. ನನ್ನ ಕಡೆ ತಿರುಗಿದರು. ನನಗೆ ಗುರುವಾರ ತಿಪಟೂರಿನಲ್ಲಿ ಅಕ್ಕನ ಮೊಮ್ಮಗಳ ಮದುವೆ, ಬುಧವಾರ ರಾತ್ರಿಯೇ ವರಪೂಜೆ. ಅತ್ತೆ ಬಾಗಿಲಿಂದಲೇ, ‘ನಾನು ಭಾನುವಾರ ಹೊಂಟೆ. ಕಾಯಿ ನೆಲದಾಗೆ ಮೊಳಕೆ ಒಡೀತದೆ’ ಅಂದುಬಿಟ್ಟರು.

‘ಡ್ಯೂಟಿ ಬದಲಾಯಿಸ್ಕೋಬೇಕು ನೀನು’ ಅಂದರು ಕಂಡಕ್ಟರು, ಶೂ ಬಿಚ್ಚುತ್ತ.

‘ಹೋದ ತಿಂಗಳು ನಾನೇ ಬದಲಾಯಿಸ್ಕೊಂಡೆ. ಅದರ ಹಿಂದಿನ ತಿಂಗಳೂ ನಾನೇ. ಈ ಸಲ ನೀವು ಕೇಳ್ರಿ.’

‘ಡಿಪೋದಲ್ಲಿ ಏನಂತ ಕೇಳಲೇ? ಮಗು ನೋಡ್ಕೋಬೇಕು ಅಂತ್ಲಾ? ನಗ್ತಾರೆ ಕಣೇ.’

‘ನಗ್ಲಿ’ ಅಂದರು ಸಿಸ್ಟರ್. ಕಿತ್ತ ಕರಿಬೇವಿನಲ್ಲಿ ಅರ್ಧ ನನ್ನ ಕೈಗೆ ಹಾಕಿ, ಕೆಂಪು ಪೆನ್ನು ಹುಡುಕಿಕೊಂಡು ಒಳಗೆ ಹೋದರು.